ಬೊಟ್ಟಿನ ಸೀಲು

ಅಣವೀರಪ್ಪನಿಗೆ ತನ್ನ ಹೆಂಡತಿಯ ಮೇಲೆ ಹೊಟ್ಟೆಕಿಚ್ಚು. ನಗಬೇಡಿ. ನೆರೆಮನೆಯವನ ಮೇಲೆ, ದಾಯಾದಿಯ ಮೇಲೆ, ತನ್ನನ್ನು ಹಿಂದೆ ಹಾಕಿ ಪ್ರಮೋಷನ್ ಹೊಡೆದುಕೊಂಡವನ ಮೇಲೆ ಹೊಟ್ಟೆ ಉರಿಸಿಕೊಳ್ಳುವವರು ಊರ ತುಂಬ ಇದ್ದಾರೆ. ಅವರಿಗೆ ಸಂಜೆ ಮನೆಗೆ ಬಂದ ಮೇಲಾದರೂ ಬಿಡುವು ಸಿಗುತ್ತದೆ. ಈ ಮನುಷ್ಯನಿಗೆ ಅದೂ ಇರಲಿಲ್ಲ. ಯಾರನ್ನು ಕಂಡರೆ ಹಗಲೆಲ್ಲ ಹೊಟ್ಟೆ ಕುದಿಯುತ್ತಿತ್ತೋ ಅವಳೇ ಸಂಜೆ ತಾಟಿಗೆ ರೊಟ್ಟಿ ಹಾಕುತ್ತಿದ್ದಳು. ಇವನು ಅದನ್ನೇ ಮುರಿದು ತಿನ್ನಬೇಕಿತ್ತು.

ಮುಂಬಯಿಯ ಭಾಂಡುಪ್ ಸ್ಟೇಷನ್ನಿನ ಪಶ್ಚಿಮಕ್ಕೆ ಒಂದು ಹಳೆಯ ಇಂಡಸ್ಟ್ರಿಯಲ್ ಎಸ್ಟೇಟ್ ಇದೆ. ಸುತ್ತಲಿನ ಕಾರ್ಖಾನೆಗಳನ್ನೆಲ್ಲ ಕೆಡವಿ ಮೂವತ್ತು ಮಹಡಿಯ ಬಿಲ್ಡಿಂಗ್ ಎಬ್ಬಿಸಿದ ಮೇಲೂ ಅದು ಹೇಗೋ ಉಳಿದುಕೊಂಡಿದೆ. ಅದರ ನೆಲಮಹಡಿಯಲ್ಲಿ ಷಟರ್ ಹಾಕಿದ ಒಂದು ಉದ್ದ ಕೋಣೆ. ಅಲ್ಲಿ ಸೀಲು ರಿಪೇರಿ ನಡೆಯುತ್ತದೆ. ಸೀಲು ಎಂದರೆ ಕಚೇರಿಯ ಮೊಹರಲ್ಲ, ಪಂಪಿನ ಸೀಲು. ಪಂಪಿನಲ್ಲಿ ಒಂದು ದಂಡ ಗರಗರ ತಿರುಗುತ್ತಿರುತ್ತದೆ; ಅದು ಪಂಪಿನ ಒಳಕ್ಕೆ ಹೋಗುವ ಜಾಗದಲ್ಲಿ ಆಸಿಡ್ಡೋ ಬಣ್ಣದ ನೀರೋ ಹೊರಗೆ ಸೋರಬಾರದು. ಅದಕ್ಕಾಗಿ ಎರಡು ಬಳೆಗಳನ್ನು ಮುಖಕ್ಕೆ ಮುಖ ಒತ್ತಿ ಕೂರಿಸಿರುತ್ತಾರೆ. ಒಂದು ದಂಡದ ಜೊತೆ ತಿರುಗುತ್ತದೆ, ಇನ್ನೊಂದು ಕದಲದೆ ಕೂತಿರುತ್ತದೆ. ಎರಡರ ಮುಖವೂ ಎಷ್ಟು ಸಪಾಟಾಗಿರಬೇಕೆಂದರೆ ನಡುವೆ ಒಂದು ಹನಿಗೂ ದಾರಿ ಸಿಗಬಾರದು. ತಿರುಗಿ ತಿರುಗಿ ಮುಖಕ್ಕೆ ಗೀರು ಬಿತ್ತೋ, ಸೀಲು ಸೋರುತ್ತದೆ, ಸೋರಿದ್ದು ರಿಪೇರಿಗೆ ಬರುತ್ತದೆ.

ರಿಪೇರಿಯೆಂದರೆ ಬಿಚ್ಚುವುದು, ಸೀಮೆಎಣ್ಣೆಯಲ್ಲಿ ತೊಳೆಯುವುದು, ಸ್ಪ್ರಿಂಗು ರಬ್ಬರು ಬದಲಾಯಿಸುವುದು. ಅದನ್ನೆಲ್ಲ ಯಾರು ಬೇಕಾದರೂ ಮಾಡಬಹುದು. ಎಲ್ಲರಿಂದಲೂ ಆಗದ್ದು ಉಜ್ಜುವ ಕೆಲಸ. ದುಂಡನೆಯ ಬೀಡುಕಬ್ಬಿಣದ ತಟ್ಟೆಗೆ ಪೇಸ್ಟು ಸವರಿ, ಬಳೆಯನ್ನು ಮುಖ ಕೆಳಗೆ ಮಾಡಿ ಇಟ್ಟು, ಇಂಗ್ಲಿಷಿನ ಎಂಟು ಬರೆದಂತೆ ಕೈ ಆಡಿಸುತ್ತ ಹೋಗಬೇಕು. ಒಂದು ಕಡೆ ಬೆರಳು ಕೊಂಚ ಭಾರವಾಯಿತೋ, ಮುಖ ಸೊಟ್ಟಾಯಿತು. ಸೊಟ್ಟೋ ಸಪಾಟೋ ಎಂದು ಬರಿಗಣ್ಣಿಗೆ ಗೊತ್ತಾಗುವುದಿಲ್ಲ. ಬಳೆಯ ಮೇಲೆ ಒಂದು ದಪ್ಪ ಗಾಜನ್ನಿಟ್ಟು ಹಳದಿ ದೀಪದಡಿ ಹಿಡಿದರೆ ಒಳಗೆ ಕಪ್ಪು ಗೆರೆಗಳು ಕಾಣುತ್ತವೆ. ಗೆರೆ ನೆಟ್ಟಗಿದ್ದರೆ ಸಪಾಟು, ಬಾಗಿದ್ದರೆ ಸೊಟ್ಟು. ಆ ಗೆರೆಗಳನ್ನು ಓದುತ್ತ ಓದುತ್ತ ಅಣವೀರಪ್ಪ ಇಪ್ಪತ್ತಾರು ವರ್ಷ ಕಳೆದಿದ್ದ.

ಅವನು ಆಳಂದದ ಕಡೆಯವನು. ಮುಂಬಯಿಗೆ ಬಂದ ಹೊಸತರಲ್ಲಿ ಸಿಮೆಂಟು ಹೊತ್ತ, ಆಮೇಲೆ ಒಂದು ಪಂಪು ಕಾರ್ಖಾನೆಯಲ್ಲಿ ಹೆಲ್ಪರ್ ಆದ. ಅಲ್ಲಿ ಸೀಲು ಉಜ್ಜುವುದನ್ನು ಕಲಿಸಿದವರು ಉಡುಪಿ ಕಡೆಯ ಚೆನ್ನಯ. ಅವರ ಊರಿನವರೆಲ್ಲ ಹೋಟೆಲು ಹಿಡಿದಾಗ ಈ ಮಹಾರಾಯರು ನಟ್ಟು ಬಿಚ್ಚುವ ಪಾನಾ ಹಿಡಿದಿದ್ದರು. ಕಾರ್ಖಾನೆ ಮುಚ್ಚಿದ ಮೇಲೆ ಚೆನ್ನಯ ಈ ಕೋಣೆ ಹಿಡಿದು ಸ್ವಂತ ಕೆಲಸ ಶುರುಮಾಡಿದರು, ಮೊದಲು ಕರೆದದ್ದು ಅಣವೀರಪ್ಪನನ್ನು. ಇವನು ಅವರನ್ನು ತನ್ನ ಊರಿನ ರೂಢಿಯಂತೆ "ಚೆನ್ನಯ್ಯನೋರ" ಎಂದೇ ಕರೆಯುತ್ತಾನೆ. ಒಂದು ಒತ್ತು ಹೆಚ್ಚಾದರೆ ತನ್ನದೇನು ಹೋಯಿತು ಎಂದು ಅವರೂ ತಿದ್ದಿಲ್ಲ.

ಆ ಅಂಗಡಿಯಲ್ಲಿ ಒಂದು ಪದ್ಧತಿ. ದೊಡ್ಡ ಸೀಲುಗಳಿಗೆ ಗಾಳಿ ತುಂಬಿ ಪರೀಕ್ಷೆ ಮಾಡುತ್ತಾರೆ. ಚಿಕ್ಕವಕ್ಕೆ ಅದಿಲ್ಲ, ಉಜ್ಜಿದವನ ಮಾತೇ ಪರೀಕ್ಷೆ. ಹಾಗಾಗಿ ಉಜ್ಜಿ ಮುಗಿಸಿದವನು ಬಳೆಯನ್ನು ತೆಳು ಕಾಗದದಲ್ಲಿ ಸುತ್ತಿ ಡಬ್ಬಿಗೆ ಹಾಕಿ ಮುಚ್ಚಳದ ಮೇಲೆ ತನ್ನ ಗುರುತು ಹಾಕಬೇಕು. ಅಣವೀರಪ್ಪನ ಕಾಗದ ಸುತ್ತುವ ಬಗೆಯೇ ಬೇರೆ. ಎಲೆಯಡಿಕೆ ಬೀಡಾ ಮಡಚಿದ ಹಾಗೆ ನಾಲ್ಕೂ ಮೂಲೆ ಒಳಗೆ ತಂದು, ಕೊನೆಯ ಮೂಲೆಯನ್ನು ಸಂದಿಯಲ್ಲಿ ಸಿಕ್ಕಿಸಿಬಿಡುತ್ತಿದ್ದ. ಮುಚ್ಚಳದ ಮೇಲೆ ಕಪ್ಪು ಮಾರ್ಕರಿನಲ್ಲಿ ದೊಡ್ಡದಾಗಿ ಒಂದು 'ಅ' ಬರೆಯುತ್ತಿದ್ದ. ಕನ್ನಡದ ಅ. ಅದು ಅಕ್ಷರವೆಂದು ಗಿರಾಕಿಗಳಿಗೆ ಏನು ಗೊತ್ತು! ನೀರಿನ ಮೇಲೆ ಕೂತ ಬಾತುಕೋಳಿಯ ಹಾಗೆ ಕಂಡಿತು ಅವರಿಗೆ. ಠಾಣೆಯಿಂದ ತಳೋಜಾದವರೆಗೆ ಪಂಪು ನೋಡಿಕೊಳ್ಳುವ ಫಿಟ್ಟರುಗಳೆಲ್ಲ "ಬತಖ್ ವಾಲಾ ಸೀಲ್ ದೇನಾ" ಎಂದು ಕೇಳಿ ಒಯ್ಯುತ್ತಿದ್ದರು. ಅಣವೀರಪ್ಪ ಒಮ್ಮೆಯೂ "ಅದು ಬಾತುಕೋಳಿ ಅಲ್ಲೋ, ನನ್ನ ಹೆಸರು" ಎಂದು ಹೇಳಲಿಲ್ಲ. ಹೇಳದೆ ಒಳಗೊಳಗೇ ಉಬ್ಬುತ್ತಿದ್ದ.

ಇಂಥ ಬಾತುಕೋಳಿಯ ಕೊಳಕ್ಕೆ ಹಾಲವ್ವ ಬಂದು ಇಳಿದಳು.

ಹಾಲವ್ವ ಪವಾಯಿಯ ಒಂದು ದೊಡ್ಡ ಕಾಂಪ್ಲೆಕ್ಸಿನಲ್ಲಿ ಮೂರು ಮನೆಯ ಪಾತ್ರೆ ತೊಳೆಯುತ್ತಿದ್ದವಳು. ಎರಡು ಮನೆಯವರು ಪಾತ್ರೆ ತೊಳೆಯುವ ಮಷೀನು ತಂದರು, ಮೂರನೆಯವರು ಬೇರೆ ಕಡೆ ಹೋದರು. ಅದೇ ಹೊತ್ತಿಗೆ ಅಂಗಡಿಯಲ್ಲಿ ತೊಳೆಯುತ್ತಿದ್ದ ಸಂತು ಕೆಲಸ ಬಿಟ್ಟು ಗುಜರಾತಿನ ವಾಪಿಗೆ ಹೋಗಿದ್ದ. "ಹಾಲವ್ವಕ್ಕನನ್ನೇ ಕಳಿಸಿ ಮಾರಾಯ್ರೆ, ಮನೆಯವರೇ ಆದ್ರೆ ಒಳ್ಳೇದಲ್ವಾ" ಎಂದರು ಚೆನ್ನಯ. ಅಣವೀರಪ್ಪನಿಗೂ ಖುಷಿಯಾಯಿತು. ತಾನು ಸಾಹೇಬನ ಹಾಗೆ ತಟ್ಟೆಯ ಮುಂದೆ ಕೂತಿರುವುದನ್ನು ಹೆಂಡತಿಯೂ ಒಮ್ಮೆ ನೋಡಲಿ ಎಂಬ ಆಸೆ ಅವನಿಗೆ ಮೊದಲಿನಿಂದಲೂ ಇತ್ತು.

ನೋಡಿದಳು. ಎಂಟು ತಿಂಗಳು ಸೀಮೆಎಣ್ಣೆಯ ಟಬ್ಬಿನ ಮುಂದೆ ಕುಕ್ಕರಗಾಲಿನಲ್ಲಿ ಕೂತು, ಬ್ರಷ್ಷಿನಲ್ಲಿ ಬಳೆ ತಿಕ್ಕುತ್ತ, ಗಂಡನ ಕೈಯನ್ನೇ ನೋಡಿದಳು. ಒಂದು ದಿನ ಅಣವೀರಪ್ಪ ಜ್ವರ ಬಂದು ಮಲಗಿದ. ಅರ್ಜೆಂಟಿನ ಎರಡು ಬಳೆ ಇದ್ದವು. "ನಾ ಮಾಡಿ ನೋಡ್ಲೇನ್ರಿ?" ಎಂದು ಕೇಳಿದಳಂತೆ. ಮಾಡಿದಳು. ಗಾಜಿಟ್ಟು ನೋಡಿದ ಚೆನ್ನಯ ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು. ಗೆರೆಗಳು ವಹಿಯಲ್ಲಿ ಹೊಡೆದ ಹಾಗೆ ನೆಟ್ಟಗಿದ್ದವು.

ಜ್ವರ ಬಿಟ್ಟು ಬಂದ ಅಣವೀರಪ್ಪನಿಗೆ ಈ ಸುದ್ದಿ ಕೇಳಿ ಜ್ವರ ತಿರುಗಿ ಬಂದಂತಾಯಿತು. "ಇದು ರೊಟ್ಟಿ ಬಡಿಯೋ ಕೆಲಸಲ್ಲ ಬಿಡು. ಒಂದಪಾ ಬಂದಿರ್ತದ" ಎಂದ.

"ಹೌದ್ರಿ, ಹಂಗೇ ಇರ್ಬೇಕು" ಎಂದಳು ಹಾಲವ್ವ. ವಾದ ಮಾಡಿದ್ದರೆ ಅವನಿಗೆ ಎಷ್ಟೋ ಸಮಾಧಾನವಾಗುತ್ತಿತ್ತು.

ಒಂದಪಾ ಬಂದದ್ದು ಎರಡನೇ ಸಲವೂ ಬಂತು, ಹತ್ತನೇ ಸಲವೂ ಬಂತು. ಚೆನ್ನಯ ಇನ್ನೊಂದು ತಟ್ಟೆ ತರಿಸಿ ಕಿಟಕಿಯ ಪಕ್ಕ ಹಾಕಿಸಿದರು. ತೊಳೆಯುವುದಕ್ಕೆ ಬೆಳಗಿನ ಎರಡು ತಾಸು, ಆಮೇಲೆ ಹಾಲವ್ವ ಉಜ್ಜಲಿ ಎಂದು ಗೊತ್ತುಮಾಡಿದರು. "ಆದ್ರೆ ಒಂದುಂಟು ಹಾಲವ್ವಕ್ಕ, ಡಬ್ಬಿ ಮೇಲೆ ನಿಮ್ಮ ಗುರುತು ಬೇಕು. ಎಂಥದಾದ್ರೂ ಹಾಕಿ" ಎಂದರು.

ಹಾಲವ್ವ ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಆ ಸಂಜೆ ಗುಡ್ಡದ ಮೇಲಿನ ತಮ್ಮ ಚಾಳಿನ ಮನೆಗೆ ಹತ್ತುವಾಗ ದಾರಿಯಲ್ಲಿ ಗಂಡನನ್ನು ಕೇಳಿದಳು. "ರೀ, ನನ್ನ ಹೆಸರಿಂದು ಒಂದಕ್ಷರ ಕಲಸ್ರಿ. ನಿಮ್ಮಂಗ ನಾನೂ ಬರೀತೀನಿ."

ಕಲಿಸಿದ್ದರೆ ಎರಡು ನಿಮಿಷದ ಕೆಲಸ. ಆದರೆ 'ನಿಮ್ಮಂಗ ನಾನೂ' ಎಂಬ ಮಾತು ಅವನ ಎದೆಗೆ ನಾಟಿತು. ತಟ್ಟೆ ಹೋಯಿತು, ಪೇಸ್ಟು ಹೋಯಿತು, ಇನ್ನು ಅಕ್ಷರವನ್ನೂ ಕೊಡಬೇಕೇ? "ಈ ವಯಸ್ಸಿನಾಗ ಅಕ್ಷರ ತಗೊಂಡು ಏನ್ ಮಾಡ್ತಿ? ಒಂದು ಬೊಟ್ಟಿಡು, ಸಾಕು" ಎಂದು ದಡದಡ ಮುಂದೆ ನಡೆದ.

ಹಾಲವ್ವ ಕೆಂಪು ಮಾರ್ಕರು ತೆಗೆದುಕೊಂಡು, ಹಣೆಗೆ ಇಡುವ ಹಾಗೇ, ಡಬ್ಬಿಯ ಮುಚ್ಚಳದ ನಡುವೆ ದುಂಡಗೆ ಒಂದು ಬೊಟ್ಟಿಟ್ಟಳು.

ಮೂರೇ ತಿಂಗಳಲ್ಲಿ "ಬಿಂದಿ ವಾಲಾ ಸೀಲ್" ಎಂಬ ಹೊಸ ಮಾತು ಹುಟ್ಟಿಕೊಂಡಿತು. ಬಾತುಕೋಳಿ ಸೀಲು ಆರು ತಿಂಗಳು ನಡೆದರೆ ಬಿಂದಿ ಸೀಲು ಒಂಬತ್ತು ತಿಂಗಳು ನಡೆಯುತ್ತದೆ ಎಂದು ವರ್ಷ ಕಳೆಯುವ ಹೊತ್ತಿಗೆ ಯಾರೋ ಹೇಳಿದರು. ಹೇಳಿದವನ ಬಾಯಿಗೆ ಮಣ್ಣು ಹಾಕಬೇಕೆನಿಸಿತು ಅಣವೀರಪ್ಪನಿಗೆ. ಫೋನು ಬಂದರೆ ಕಿವಿ ಅತ್ತಲೇ. ಚೆನ್ನಯ ಫೋನಿನಲ್ಲಿ "ಹಾಂ ಹಾಂ, ಬಿಂದಿ" ಎಂದರೆ ಇವನ ಕೈ ತಟ್ಟೆಯ ಮೇಲೆ ಭಾರವಾಗುತ್ತಿತ್ತು, ಬಳೆ ಸೊಟ್ಟಾಗುತ್ತಿತ್ತು. ಸೊಟ್ಟಾದದ್ದಕ್ಕೆ ಸಿಟ್ಟು, ಸಿಟ್ಟಿಗೆ ಇನ್ನಷ್ಟು ಸೊಟ್ಟು. ಮನೆಯಲ್ಲಿ ಪಲ್ಯಕ್ಕೆ ಉಪ್ಪು ಕಡಿಮೆಯಾದರೆ "ಅಲ್ಲಿ ಅಷ್ಟು ಹದ ಗೊತ್ತದ, ಇಲ್ಲಿ ಗೊತ್ತಿಲ್ಲೇನು?" ಎಂದು ಚುಚ್ಚುತ್ತಿದ್ದ. ಹಾಲವ್ವ ಉಪ್ಪಿನ ಡಬ್ಬಿ ತಂದು ಮುಂದಿಡುತ್ತಿದ್ದಳು.

ಇನ್ನೊಂದು ಗುಟ್ಟಿತ್ತು, ಅದನ್ನು ಅವನು ಯಾರಿಗೂ ಹೇಳಿರಲಿಲ್ಲ. ಒಂದು ವರ್ಷದಿಂದ ಅವನ ಬಲಗಣ್ಣಿಗೆ ಮಂಜು ಕವಿಯುತ್ತಿತ್ತು. ಎಡಗಣ್ಣು ಮೊದಲಿನಿಂದಲೂ ಹತ್ತಿರದ್ದಕ್ಕೆ ಅಷ್ಟಕ್ಕಷ್ಟೇ. ಬಸ್ಸಿನ ನಂಬರು ಕಾಣುತ್ತಿತ್ತು, ಮನುಷ್ಯರ ಮುಖ ಕಾಣುತ್ತಿತ್ತು. ಗಾಜಿನೊಳಗಿನ ಗೆರೆ ಮಾತ್ರ ಒಂದಕ್ಕೊಂದು ಅಂಟಿಕೊಂಡು ಅಲುಗಾಡುತ್ತಿತ್ತು. ನೆಟ್ಟಗಿದೆಯೋ ಬಾಗಿದೆಯೋ ತಿಳಿಯದಿದ್ದಾಗ 'ನೆಟ್ಟಗೇ ಅದ' ಎಂದುಕೊಂಡು ಬೀಡಾ ಮಡಚಿ ಬಾತುಕೋಳಿ ಬರೆದು ಕಳಿಸಿಬಿಡುತ್ತಿದ್ದ. ಕಣ್ಣಿಲ್ಲದವನಿಗೆ ತಟ್ಟೆ ಯಾರು ಕೊಡುತ್ತಾರೆ? ಹೇಳಿದ ಮರುದಿನವೇ ಎರಡೂ ತಟ್ಟೆ ಹಾಲವ್ವನದಾಗುತ್ತವೆ. ಅದಕ್ಕಿಂತ ಕುರುಡಾಗುವುದೇ ವಾಸಿ ಎಂದುಕೊಂಡಿದ್ದ.

ಹೀಗಿರುವಾಗ ಸುಹಾಸ ಬಂದ. ತಳೋಜಾ ಕಡೆಯ ಒಂದು ಬಣ್ಣದ ಕಾರ್ಖಾನೆಯ ಮೇಂಟೆನೆನ್ಸ್ ಎಂಜಿನಿಯರು. ಮುಂಬಯಿಯಲ್ಲೇ ಹುಟ್ಟಿದ ಮಂಗಳೂರಿನ ಹುಡುಗ. ಅವನ ಕನ್ನಡ ಎರಡು ಹೆಜ್ಜೆ ನಡೆದು ಹಿಂದಿಯ ಹೆಗಲು ಹಿಡಿಯುತ್ತದೆ. ಅಣವೀರಪ್ಪ ತಾನೇ ಎದ್ದು, ನಗುತ್ತ, ಹೊಸದಾಗಿ ಮುಗಿಸಿದ ನಾಲ್ಕು ಡಬ್ಬಿ ತಂದು ಮುಂದಿಟ್ಟ.

ಸುಹಾಸ ಮುಚ್ಚಳ ನೋಡಿ ಮೆಲ್ಲಗೆ ಹಿಂದಕ್ಕೆ ಸರಿಸಿದ. "ಕಾಕಾ, ಬುರಾ ಮತ್ ಮಾನ್ನಾ, ಬೇಜಾರ್ ಮಾಡ್ಬೇಡಿ. ಬತಖ್ ಬೇಡ. ಬಿಂದಿ ಉಂಟಾ?"

ಅಂಗಡಿಯಲ್ಲಿ ಚೆನ್ನಯ ಇದ್ದರು. ಹಾಲವ್ವ ಇದ್ದಳು. ಪಕ್ಕದ ಅಂಗಡಿಯಿಂದ ಚಹಾ ಕುಡಿಯಲು ಬಂದ ಇಬ್ಬರಿದ್ದರು. ಎಲ್ಲರೂ ತಮ್ಮ ತಮ್ಮ ಗ್ಲಾಸಿನೊಳಗೆ ನೋಡಿದರು. ಹಾಲವ್ವ ಮಾತ್ರ "ಅವು ಚೊಲೋ ಅದಾವ್ರಿ ಸಾಹೇಬ್ರ, ಒಯ್ಯಿರಿ" ಎಂದಳು. ಅಷ್ಟು ಜನರ ಮುಂದೆ ಹೆಂಡತಿ ತನಗೆ ಶಿಫಾರಸು ಮಾಡಿದಳು! ಅಣವೀರಪ್ಪನ ಮೈಯೆಲ್ಲ ಕೆಂಡವಾಯಿತು. ಅವಮಾನ ಮಾಡಿದ್ದು ಸುಹಾಸ, ಆದರೆ ಇವನ ಸಿಟ್ಟೆಲ್ಲ ಹೋಗಿ ಕೂತದ್ದು ಹಾಲವ್ವನ ಮೇಲೆ.

ಆ ಮಧ್ಯಾಹ್ನ ಅವನು ಒಂದು ಚಿಕ್ಕ ಸೀಲು ಉಜ್ಜಿ ಮುಗಿಸಿದ. ಗಾಜಿಟ್ಟು ನೋಡಿದ. ಗೆರೆ ಬಾಗಿದ ಹಾಗೆ ಕಂಡಿತು. ಕಣ್ಣು ಮುಚ್ಚಿ ತೆರೆದು ನೋಡಿದ, ಆಗಲೂ ಬಾಗಿತ್ತು. ಹಾಲವ್ವ ಕುಡಿಯುವ ನೀರು ತರಲು ಎಸ್ಟೇಟಿನ ನಲ್ಲಿಗೆ ಹೋಗಿದ್ದಳು. ಅವಳ ಕೆಂಪು ಮಾರ್ಕರು ಟೇಬಲ್ಲಿನ ಮೇಲೇ ಇತ್ತು. ಅಣವೀರಪ್ಪ ಬಳೆಯನ್ನು ಕಾಗದದಲ್ಲಿ ಸುತ್ತಿ, ಡಬ್ಬಿಗೆ ಹಾಕಿ, ಕಪ್ಪು ಮಾರ್ಕರು ಬಿಟ್ಟು ಕೆಂಪನ್ನು ಎತ್ತಿಕೊಂಡ. ಒಂದು ಬೊಟ್ಟು. ಅಷ್ಟೇ. ಡಬ್ಬಿಯನ್ನು ಸುಹಾಸನಿಗೆ ಹೋಗಬೇಕಾದ ರಟ್ಟಿನ ಪೆಟ್ಟಿಗೆಯಲ್ಲಿ ಬಿಂದಿಗಳ ನಡುವೆ ಸೇರಿಸಿದ.

ಎಂಟು ದಿನ ಅವನು ಬಹಳ ಒಳ್ಳೆಯ ಗಂಡನಾಗಿದ್ದ. ಸ್ಟೇಷನ್ನಿನ ಹತ್ತಿರ ಹಾಲವ್ವನಿಗೆ ಹೂವು ಕೊಡಿಸಿದ. ಪಲ್ಯಕ್ಕೆ ಉಪ್ಪು ಇಲ್ಲದಿದ್ದರೂ ಮಾತಾಡಲಿಲ್ಲ. ಒಂಬತ್ತನೇ ದಿನ ಸುಹಾಸ ಬಂದ. ಮುಖ ಗಂಟು, ಕೈಯಲ್ಲಿ ಒಂದು ಡಬ್ಬಿ. ಪಂಪು ಹಾಕಿ ನಾಲ್ಕೇ ದಿನಕ್ಕೆ ಸೀಲು ಸೋರಿ ನೆಲವೆಲ್ಲ ನೀಲಿ ಬಣ್ಣದ ನೀರಾಗಿತ್ತು. ಮೇಲಿನವರು ಸುಹಾಸನನ್ನು ಎಲ್ಲರೆದುರು ಉಗಿದಿದ್ದರು. ಅವನು ಡಬ್ಬಿಯನ್ನು ಚೆನ್ನಯರ ಮೇಜಿನ ಮೇಲೆ ಕುಕ್ಕಿದ. ಮುಚ್ಚಳದ ಮೇಲೆ ಕೆಂಪು ಬೊಟ್ಟು.

ಚೆನ್ನಯ ಡಬ್ಬಿ ತೆರೆದರು. ಫಿಟ್ಟರು ಕೆಟ್ಟ ಸೀಲನ್ನು ಅದೇ ಕಾಗದದಲ್ಲಿ ಉಂಡೆಮಾಡಿ ಅದರಲ್ಲೇ ತುರುಕಿದ್ದ. ಬಳೆಯನ್ನು ಗಾಜಿನಡಿ ನೋಡಿ ಚೆನ್ನಯ ಬೇಸರದಿಂದ ತಲೆಯಾಡಿಸಿದರು. ಹಾಲವ್ವ ಹತ್ತಿರ ಬಂದು ನಿಂತಿದ್ದಳು. ಅವಳು ಬಳೆಯನ್ನು ಮುಟ್ಟಲಿಲ್ಲ. ಮುದುಡಿದ ಕಾಗದವನ್ನು ಎತ್ತಿಕೊಂಡು, ಮೇಜಿನ ಮೇಲೆ ಹರಡಿ, ಅಂಗೈಯಿಂದ ನಿಧಾನಕ್ಕೆ ಸವರಿ ನೋಡಿದಳು. ಆಮೇಲೆ ನಾಲ್ಕು ಮಡಿಕೆ ಮಡಿಸಿ ಕುಪ್ಪಸದೊಳಗೆ ಸೇರಿಸಿಕೊಂಡಳು.

"ಎಂತ ಆಯ್ತು ಹಾಲವ್ವಕ್ಕ? ನಿಮ್ಮದು ಹೀಗೆ ಬರ್ಲಿಕ್ಕಿಲ್ಲ ಅಲ್ವಾ" ಎಂದರು ಚೆನ್ನಯ.

ಹಾಲವ್ವ ಗಂಡನ ಮುಖ ನೋಡಿದಳು. "ತಪ್ಪಾಗ್ಯದ ಕಾಣ್ತದ್ರಿ" ಎಂದಳು.

"ಸ್ವಲ್ಪ ದಿವಸ ತೊಳೆಯುದು ಮಾತ್ರ ನೋಡಿಕೊಳ್ಳಿ. ಇವರ ಕಾರ್ಖಾನೆಯದ್ದು ದೊಡ್ಡ ಕೆಲಸ, ಕೈ ತಪ್ಪಿ ಹೋದ್ರೆ ಕಷ್ಟ. ಮತ್ತೆ ನೋಡುವ" ಎಂದರು ಚೆನ್ನಯ. ಕಿಟಕಿಯ ಪಕ್ಕದ ತಟ್ಟೆಗೆ ಬಟ್ಟೆ ಮುಚ್ಚಿದರು. ಹಾಲವ್ವ ಸೆರಗು ಸಿಕ್ಕಿಸಿ ಟಬ್ಬಿನ ಮುಂದೆ ಕೂತಳು.

ಅಣವೀರಪ್ಪನಿಗೆ ಬೇಕಾದದ್ದು ಸಿಕ್ಕಿತು. ಸಿಕ್ಕ ಮೊದಲ ದಿನ ನಿಜವಾಗಿಯೂ ಹೊಟ್ಟೆ ತಣ್ಣಗಾಯಿತು, ಸುಳ್ಳೇಕೆ ಹೇಳಬೇಕು. ಎರಡನೇ ದಿನ ಬೆನ್ನ ಹಿಂದೆ ಬ್ರಷ್ಷಿನ ಸರಸರ ಸದ್ದು ಕೇಳಿದಾಗ ತಿರುಗಿ ನೋಡುವ ಧೈರ್ಯವಾಗಲಿಲ್ಲ. ಮೂರನೇ ದಿನ ಸುಹಾಸನ ಕಾರ್ಖಾನೆಯಿಂದ ದೊಡ್ಡದೊಂದು ಸೀಲು ಬಂತು. ಬಣ್ಣ ಕದಡುವ ದೊಡ್ಡ ಪಾತ್ರೆಯದು. ಅದಿಲ್ಲದೆ ಅಲ್ಲಿನ ಕೆಲಸವೆಲ್ಲ ನಿಂತಿದೆ, ನಾಲ್ಕು ಗಂಟೆಗೆ ತಾನೇ ಬಂದು ಒಯ್ಯುತ್ತೇನೆ ಎಂದು ಸುಹಾಸ ಫೋನು ಮಾಡಿದ್ದ. "ಇದೊಂದು ಸರಿ ಮಾಡಿ ಕೊಡಿ ಅಣವೀರಪ್ಪ. ಮರ್ಯಾದೆ ಪ್ರಶ್ನೆ" ಎಂದು ಚೆನ್ನಯ ಬಳೆಯನ್ನು ಎರಡೂ ಕೈಯಲ್ಲಿ ಹಿಡಿದು ತಂದುಕೊಟ್ಟರು.

ಅವನು ಉಜ್ಜಿದ. ಗಾಜಿಟ್ಟ. ಗೆರೆಯೇ ಕಾಣಲಿಲ್ಲ, ಹಳದಿ ಹೊಗೆ ಕಂಡಿತು. ಮತ್ತೆ ಉಜ್ಜಿದ, ಮತ್ತೆ ಗಾಜಿಟ್ಟ. ಎಡಗಣ್ಣಿನಿಂದ ನೋಡಿದ, ತಲೆ ಓರೆ ಮಾಡಿ ನೋಡಿದ. ಬೆವರು ಗಾಜಿನ ಮೇಲೆ ಬಿತ್ತು. ದೊಡ್ಡ ಸೀಲಿಗೆ ಗಾಳಿಯ ಪರೀಕ್ಷೆ ಇದೆ, ಕಣ್ಣು ಮುಚ್ಚಿ ಕಳಿಸುವಂತಿಲ್ಲ. ಅಷ್ಟರಲ್ಲಿ ಬ್ರಷ್ಷಿನ ಸದ್ದು ನಿಂತಿತು. ಹಾಲವ್ವ ಕೈ ಒರೆಸಿಕೊಳ್ಳುತ್ತ ಬಂದು ಅವನ ಭುಜದ ಮೇಲಿಂದ ಬಗ್ಗಿ ನೋಡಿದಳು.

"ಐದು ಗೆರಿ ಬಾಗ್ಯಾವ್ರಿ. ಎಡಕ್ಕ ಭಾರ ಬೀಳ್ಲಿಕತ್ತದ" ಎಂದು ಮೆಲ್ಲಗೆ ಹೇಳಿದಳು.

"ನಿನ್ನ ಕೇಳ್ದೋರ್ಯಾರು?" ಎಂದ ಅಣವೀರಪ್ಪ. ಗೆರೆ ಐದೆಂದು ಅವಳಿಗೆ ಒಂದೇ ನೋಟಕ್ಕೆ ಕಂಡಿತಲ್ಲ ಎಂಬ ಕಿಚ್ಚಿನಲ್ಲೇ ಮಾತು ಹೊರಬಿದ್ದಿತ್ತು. ಇಂಥ ಹೊತ್ತಿನಲ್ಲೂ ಅದು ಅವನನ್ನು ಬಿಡಲಿಲ್ಲ.

ಊಟದ ಹೊತ್ತಾಯಿತು. ಇಬ್ಬರೂ ಷಟರಿನ ಹೊರಗೆ, ನೆರಳಿದ್ದ ಕಟ್ಟೆಯ ಮೇಲೆ ಡಬ್ಬಿ ಬಿಚ್ಚಿ ಕೂತರು. ಹಾಲವ್ವ ರೊಟ್ಟಿಯ ಮೇಲೆ ಪುಂಡಿಪಲ್ಯ ಹಾಕಿ ಅವನ ಕೈಗೆ ಕೊಟ್ಟಳು. ಆಮೇಲೆ, ನಾಳೆ ಸಂತೆಗೆ ಹೋಗಬೇಕು ಎಂದು ಹೇಳುವಷ್ಟೇ ಸಲೀಸಾಗಿ, "ರೀ, ನನಗ ಒಂದಕ್ಷರ ಕಲಸ್ರಿ" ಎಂದಳು.

"ಮತ್ತ ಅದೇ ಮಾತು. ಬೊಟ್ಟದಲ್ಲ, ಸಾಕು."

"ಬೊಟ್ಟು ಯಾರ್ ಬೇಕಾದ್ರೂ ಇಡ್ತಾರ್ರಿ."

ಅಣವೀರಪ್ಪ ಕೈಯಲ್ಲಿದ್ದ ರೊಟ್ಟಿಯನ್ನು ಡಬ್ಬಿಗೆ ಹಾಕಿದ. ಹಾಲವ್ವ ನೀರಿನ ಬಾಟಲಿ ಮುಂದೆ ಮಾಡಿದಳು. ಆಮೇಲೆ ಕುಪ್ಪಸದಿಂದ ಆ ಕಾಗದ ತೆಗೆದು ಕಟ್ಟೆಯ ಮೇಲೆ ಹರಡಿದಳು. ಫಿಟ್ಟರು ಉಂಡೆಮಾಡಿದ ಸುಕ್ಕುಗಳ ನಡುವೆ ಹಳೆಯ ಮಡಿಕೆಯ ಗೆರೆಗಳು ಎದ್ದು ಕಾಣುತ್ತಿದ್ದವು. ನಾಲ್ಕು ಮೂಲೆಯಿಂದ ನಾಲ್ಕು ಗೆರೆ ನಡುವಿಗೆ ಬಂದು ಕೂಡಿದ್ದವು, ಕೊನೆಯ ಮೂಲೆಯಲ್ಲಿ ಸಿಕ್ಕಿಸಿದ ಗುರುತಿತ್ತು. ಬೀಡಾದ ಮಡಿಕೆ.

"ಮೂವತ್ತೊಂದು ವರ್ಷಾತು, ನಿಮ್ಮ ಎಲಿ ಮಡಚೋದು ನೋಡ್ಲಿಕತ್ತು. ನಾ ಕಾಗದ ಸುತ್ತಿ ತಿರುವಿಬಿಡ್ತೀನಿ. ನನಗ ಹಿಂಗ ಬರಂಗಿಲ್ಲ" ಎಂದಳು. ಅಳಲಿಲ್ಲ, ದನಿ ಏರಿಸಲಿಲ್ಲ. "ಅವತ್ತು ಚೆನ್ನಯ್ಯನೋರ ಮುಂದ ಹೇಳಬೇಕಂದೆ. ನಿಮ್ಮ ಮಾರಿ ನೋಡ್ದೆ, ಬ್ಯಾಡಂತ ಬಿಟ್ಟೆ. ಅಕ್ಷರ ಇದ್ದಿದ್ರ ನೀವೂ ಹಂಗ ಮಾಡ್ತಿದ್ದಿಲ್ಲ. ನನ್ನ ಹೆಸರು ಬರೀಲಿಕ್ಕ ಕೈ ಏಳ್ತಿದ್ದಿಲ್ಲ ನಿಮ್ದು."

ಅಣವೀರಪ್ಪನಿಗೆ ಭೂಮಿ ಬಾಯಿಬಿಡಲಿ ಎನಿಸಿತು. ಅವಳು ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಅವಳು ತನ್ನನ್ನು ಕಾಪಾಡಿದ್ದಳು, ಅದೂ ಗೊತ್ತಿದ್ದೂ ಗೊತ್ತಿದ್ದೂ. ಅದಕ್ಕಾಗಿ ತನ್ನ ತಟ್ಟೆ ಬಿಟ್ಟು ಟಬ್ಬಿನ ಮುಂದೆ ಕೂತಿದ್ದಳು. ಹೊಟ್ಟೆಕಿಚ್ಚಿಗೆ ಅವನು ಎಷ್ಟೋ ಹೆಸರಿಟ್ಟುಕೊಂಡಿದ್ದ, ನ್ಯಾಯ ಎಂದಿದ್ದ, ಮಾನ ಎಂದಿದ್ದ, ಇಪ್ಪತ್ತಾರು ವರ್ಷದ ಹಕ್ಕು ಎಂದಿದ್ದ. ಆ ಸುಕ್ಕು ಕಾಗದದ ಮುಂದೆ ಒಂದೂ ನಿಲ್ಲಲಿಲ್ಲ. ಅರ್ಧ ರೊಟ್ಟಿ ಡಬ್ಬಿಯಲ್ಲೇ ಬಿಟ್ಟು, ಆ ಕಾಗದ ಎತ್ತಿಕೊಂಡು ಎದ್ದ.

ಚೆನ್ನಯ ಮೇಜಿನ ಮುಂದೆ ಗಂಜಿ ಉಣ್ಣುತ್ತಿದ್ದರು. ಅಣವೀರಪ್ಪ ಎದುರು ನಿಂತು ಕಾಗದವನ್ನು ಅವರ ಬಟ್ಟಲಿನ ಪಕ್ಕದಲ್ಲಿಟ್ಟ. "ಚೆನ್ನಯ್ಯನೋರ, ಆ ಸೋರಿದ ಸೀಲು ಅಕೀದಲ್ಲ. ನಂದು. ಬೊಟ್ಟು ನಾ ಇಟ್ಟಿದ್ದು."

ಚೆನ್ನಯರ ಕೈ ಬಟ್ಟಲಲ್ಲೇ ನಿಂತಿತು. "ಎಂತ ಹೇಳುದು ನೀವು? ಯಾಕೆ ಮಾರಾಯ್ರೆ?"

"ಹೊಟ್ಟಿಕಿಚ್ಚು" ಎಂದ ಅಣವೀರಪ್ಪ. ಆಮೇಲೆ, ಒಂದು ಹೊರಬಿದ್ದ ಮೇಲೆ ಇನ್ನೊಂದೂ ಬಿದ್ದುಹೋಗಲಿ ಎಂದು, "ಬಲಗಣ್ಣು ಮಂಜಾಗ್ಯದ. ಒಂದು ವರ್ಷಾತು, ಗೆರಿ ಕಾಣಂಗಿಲ್ಲ" ಎಂದ.

ಚೆನ್ನಯ ಬಟ್ಟಲನ್ನು ಪಕ್ಕಕ್ಕೆ ಸರಿಸಿದರು. ಸಿಟ್ಟು ಬಂದಿತ್ತು, ಮೂಗಿನ ತುದಿ ಕೆಂಪಾಗಿತ್ತು. ಇಪ್ಪತ್ತಾರು ವರ್ಷ ಒಟ್ಟಿಗೆ ಚಹಾ ಕುಡಿದವರಿಗೆ ಬೈಗುಳ ಬೇಗ ಬಾಯಿಗೆ ಬರುವುದಿಲ್ಲ. "ಥೂ ನಿಮ್ಮ" ಎಂದರು, ಅಲ್ಲಿಗೇ ನಿಲ್ಲಿಸಿದರು. ಗಡಿಯಾರ ನೋಡಿದರು. "ನಾಲ್ಕು ಗಂಟೆಗೆ ಸುಹಾಸ ಬರ್ತಾನೆ. ಅವನಿಗೆ ಹೇಳುದು ನಾನಲ್ಲ, ನೀವೇ. ಈಗ ಆ ಹೆಂಗಸನ್ನು ತಟ್ಟೆಗೆ ಕೂರಿಸಿ. ಸೋಮವಾರ ಸಯನ್‌ನಲ್ಲಿ ಕಣ್ಣಿನ ಡಾಕ್ಟರ್ ಹತ್ರ ಹೋಗುವ, ನಾನೂ ಬರ್ತೇನೆ. ಅಲ್ಲಿವರೆಗೆ ತೊಳೆಯುದು ನೀವು."

ಹಾಲವ್ವ ಕಿಟಕಿಯ ಪಕ್ಕದ ತಟ್ಟೆಯ ಬಟ್ಟೆ ತೆಗೆದಳು. ಅಣವೀರಪ್ಪ ಪ್ಯಾಂಟು ಮಡಚಿ ಟಬ್ಬಿನ ಮುಂದೆ ಕುಕ್ಕರಗಾಲಿನಲ್ಲಿ ಕೂತ. ಮಂಡಿ ಕಟಕಟ ಎಂದಿತು. ಅಲ್ಲಿಂದ ಅವಳ ಕೈ ಚೆನ್ನಾಗಿ ಕಾಣುತ್ತಿತ್ತು. ಎಂಟು ತಿಂಗಳು ಅವಳು ಇಲ್ಲಿಂದಲೇ ತನ್ನ ಕೈ ನೋಡಿದ್ದು ಎಂದು ಅವನಿಗೆ ಆಗ ಹೊಳೆಯಿತು. ಅವಳ ಬೆರಳಿಗೆ ಅವಸರವೇ ಇರಲಿಲ್ಲ. ಮೂರೂವರೆಗೆ ಬಳೆಗಳು ಜೋಡಿಯಾಗಿ ಗಾಳಿಯ ಪರೀಕ್ಷೆಗೆ ಕೂತವು. ಒತ್ತಡ ತೋರಿಸುವ ಮುಳ್ಳು ಹತ್ತು ನಿಮಿಷ ಕದಲಲಿಲ್ಲ.

ಹಾಲವ್ವ ಡಬ್ಬಿ ಮುಚ್ಚಿ, ಕೆಂಪು ಮಾರ್ಕರು ಹಿಡಿದು ಟಬ್ಬಿನ ಹತ್ತಿರ ಬಂದಳು. ಬೊಟ್ಟಿಡಲಿಲ್ಲ. ಮಾರ್ಕರನ್ನು ಅವನ ಮುಂದೆ ಹಿಡಿದು ನಿಂತಳು.

ಅಣವೀರಪ್ಪ ಸೀಮೆಎಣ್ಣೆಯ ಕೈ ಅಂಗಿಗೆ ಒರೆಸಿಕೊಂಡ. ನೆಲದ ಮೇಲಿದ್ದ ರಟ್ಟಿನ ತುಂಡೊಂದರ ಮೇಲೆ ನಿಧಾನವಾಗಿ ಒಂದು 'ಹಾ' ಬರೆದ. "ಇದು ಹಾ. ಹಾಲವ್ವನ ಹಾ" ಎಂದ. ಅವಳು ಅದನ್ನು ಗೆರೆ ನೋಡುವ ಹಾಗೆ ಬಗ್ಗಿ ನೋಡಿದಳು. ರಟ್ಟಿನ ಮೇಲೆ ಎರಡು ಸಲ ತಿದ್ದಿದಳು. ಮೂರನೆಯದನ್ನು ನೇರವಾಗಿ ಡಬ್ಬಿಯ ಮುಚ್ಚಳದ ಮೇಲೆ ಬರೆದಳು.

ಸುಹಾಸ ಬಂದ. ಅಣವೀರಪ್ಪ ಎದ್ದು ನಿಂತು, ಸೋರಿದ ಸೀಲು ಯಾರದೆಂದು ಹೇಳಿದ. ಸುಹಾಸನಿಗೆ ಅರ್ಧ ಅರ್ಥವಾಯಿತು, ಇನ್ನರ್ಧ ಚೆನ್ನಯ ಹಿಂದಿಯಲ್ಲಿ ಹೇಳಿದರು. ಹುಡುಗ ಒಂದು ಸಲ ಅಣವೀರಪ್ಪನನ್ನು, ಒಂದು ಸಲ ಹಾಲವ್ವನನ್ನು ನೋಡಿ, "ಸಾರಿ ಕಾಕಿ" ಎಂದ. ಡಬ್ಬಿ ಎತ್ತಿಕೊಂಡವನು ಮುಚ್ಚಳ ನೋಡಿ ನಿಂತ. "ಅರೇ, ಬಿಂದಿ ಎಲ್ಲಿ? ಯೇ ಕ್ಯಾ ಹೈ? ಹಾಥಿ?" ಎಂದ. ಬಲಗಡೆ ಸೊಂಡಿಲಿನ ಹಾಗೆ ಬಾಗಿದ್ದ ದೀರ್ಘವನ್ನು ಬೆರಳಲ್ಲಿ ತೋರಿಸಿ, "ದೇಖೋ, ಸೂಂಡ್ ಭೀ ಹೈ" ಎಂದು ನಕ್ಕ. ಚೆನ್ನಯ ನಕ್ಕರು. ಹಾಲವ್ವ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ಆ ದಿನದಿಂದ ಅವಳದು "ಹಾಥಿ ವಾಲಾ ಸೀಲ್" ಆಯಿತು.

ಅಣವೀರಪ್ಪನೂ ನಕ್ಕ. ಆದರೆ ಅವನು ಮುಚ್ಚಳವನ್ನು ನೋಡಿದ್ದ. ಕಲಿಸಿದ್ದು ತಾನು, ಬರೆದು ತೋರಿಸಿದ್ದು ತಾನು. ಮೂರನೇ ಸಲಕ್ಕೇ ಅವಳ 'ಹಾ' ತನ್ನ 'ಹಾ'ಗಿಂತ ದುಂಡಗೆ ಬಂದಿತ್ತು. ಅದೂ ಸಾಲದೆಂದು, ಇಪ್ಪತ್ತಾರು ವರ್ಷ ಉಜ್ಜಿದ ತನಗೆ ಬಾತುಕೋಳಿ, ನಿನ್ನೆ ಮೊನ್ನೆ ಬಂದ ಅವಳಿಗೆ ಆನೆ. ಅವನು ಮತ್ತೆ ಟಬ್ಬಿನ ಮುಂದೆ ಕೂತು ಬ್ರಷ್ಷು ಹಿಡಿದ. ಒಂದು ಅಕ್ಷರ ಕಲಿಸಿದವನು ಉಳಿದ ಲ ಮತ್ತು ವ್ವ ಕಲಿಸುವುದಕ್ಕೆ ಮೂರು ತಿಂಗಳು ಸತಾಯಿಸಿದ, ಅದನ್ನೂ ಹೇಳಿಬಿಡಬೇಕು.